ಚಾವಣಿಗೆ ತೂಗುಮಂಚ ಹಾಕಬೇಕು, ಸ್ಲ್ಯಾಬಿನೊಳಗೆ ಏನಿದೆ ಅಂತ ತಿಳಿಯೋದು ಹೇಗೆ?

ಶಿರಸಿ ಸೊಸೆ · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಶಿರಸಿ ಮನೆ ಕೊಟ್ಟ ಮೇಲೆ ನಮ್ಮ ಅತ್ತೆ ಬೆಂಗಳೂರಿಗೆ ಬಂದರು. ಜೊತೆಗೆ ಬಂದದ್ದು ಎರಡು ಟ್ರಂಕು, ಒಂದು ಕಡಗೋಲು, ಮತ್ತೆ ಆರಡಿ ಉದ್ದದ ಸಾಗುವಾನಿ ತೂಗುಮಂಚ. ಹಿತ್ತಾಳೆ ಸರಪಳಿಯದ್ದು. ಅದನ್ನ ಹಾಲಿನಲ್ಲಿ ತೂಗುಹಾಕಬೇಕು ಅಂತ ಅವರ ಆಸೆ. ನಮ್ಮದು 14 ಮಹಡಿಯ ಅಪಾರ್ಟ್‌ಮೆಂಟಿನಲ್ಲಿ 9ನೇ ಮಹಡಿ.

ಭಾನುವಾರ ಡ್ರಿಲ್ ಮಾಡುವವರನ್ನ ಕರೆಸಿದ್ವಿ. ಮೊದಲನೇ ತೂತು ಸಲೀಸಾಗಿ ಹೋಯ್ತು. ಎರಡನೇದು ಒಂದೂವರೆ ಇಂಚು ಹೋಗಿ ಟಣ್ ಅಂತ ನಿಂತಿತು. ಆತ ಇನ್ನಷ್ಟು ಒತ್ತಿದ. ಕೆಳಗೆ ಅತ್ತೆ ಹಳೇ ಸೀರೆ ಹಾಸಿದ್ರು, ಅದರ ಮೇಲೆ ಬೂದಿ ಬಣ್ಣದ ಪುಡಿ ಜೊತೆ ಮಿಣಮಿಣ ಅನ್ನೋ ಸಣ್ಣ ಕಬ್ಬಿಣದ ಚೂರು ಬಿತ್ತು. ನಿಲ್ಲಿಸಪ್ಪಾ ಅಂದೆ. "ಕಂಬಿ ಮೇಡಂ, ಅರ್ಧ ಅಡಿ ಪಕ್ಕಕ್ಕೆ ಹೊಡೆದ್ರೆ ಆಯ್ತು" ಅಂದ. ಅಷ್ಟರಲ್ಲಿ ಸದ್ದು ಕೇಳಿ ಅಸೋಸಿಯೇಷನ್ ಸೆಕ್ರೆಟರಿ ಬಂದ್ರು. ಇದು ಪಿಟಿ ಸ್ಲ್ಯಾಬ್, ಕೇಳದೆ ಕೊರೆಯೋ ಹಾಗೇ ಇಲ್ಲ ಅಂತ ಬೈದು ಹೋದ್ರು. ಬಿಲ್ಡರ್ ಆಫೀಸಿಗೆ ಫೋನ್ ಮಾಡಿದ್ರೆ ಡ್ರಾಯಿಂಗ್ ಹುಡುಕ್ತೀವಿ ಅಂತಾರೆ, ಅಷ್ಟೇ.

ನನ್ನ ಪ್ರಶ್ನೆ: ಒಳಗೆ ಕಂಬಿ ಎಲ್ಲಿದೆ, ವೈರ್ ಎಲ್ಲಿದೆ, ಆ ಪಿಟಿ ಕೇಬಲ್ ಎಲ್ಲಿದೆ ಅಂತ ಒಡೆಯದೆ ನೋಡೋಕೆ ಆಗತ್ತಾ? ಆನ್‌ಲೈನಲ್ಲಿ ಸಿಗೋ ಡಿಟೆಕ್ಟರ್ ಸಾಕಾ? ತೂತು ಬಿದ್ದ ಜಾಗದಲ್ಲಿ ಏನಾದ್ರೂ ಅನಾಹುತ ಆಗಿದೆಯಾ?

ಮೈಸೂರು ಅಂಕಲ್ · 10:31

ಇಷ್ಟಕ್ಕೆಲ್ಲಾ ಗಾಬರಿ ಯಾಕಮ್ಮಾ. ಸುತ್ತಿಗೆ ತಗೊಂಡು ತಟ್ಟಿ ನೋಡು, ಕಂಬಿ ಇರೋ ಕಡೆ ಸದ್ದೇ ಬೇರೆ. ನಾನು 1978ರಲ್ಲಿ ಮನೆ ಕಟ್ಟಿಸಿದಾಗಿಂದ ಇವತ್ತಿನವರೆಗೆ ಹೀಗೇ ಮಾಡಿರೋದು.

ವೈರ್‌ಮನ್ ಮಂಡ್ಯ · 10:40

ಅಂಕಲ್, ತಟ್ಟಿದ್ರೆ ಗೊತ್ತಾಗೋದು ಪ್ಲಾಸ್ಟರ್ ಪೊಳ್ಳಾಗಿ ಬಿಟ್ಕೊಂಡಿದ್ಯಾ ಇಲ್ವಾ ಅಂತ. ಎರಡು ಇಂಚು ಒಳಗಿರೋ ಕಂಬಿ ಸುತ್ತಿಗೆಗೆ ಮಾತಾಡಲ್ಲ.

ದಾವಣಗೆರೆ ಸೈಟ್ · 11:05

ಸಿವಿಲ್ ಎಂಜಿನಿಯರ್, ಹನ್ನೆರಡು ವರ್ಷದಿಂದ ಸೈಟಲ್ಲೇ ಇದೀನಿ. ಮೊದಲು ಡ್ರಿಲ್ ಮುಟ್ಟಬೇಡಿ. ಪಕ್ಕಕ್ಕೆ ಅರ್ಧ ಅಡಿ ಅನ್ನೋ ಮಾತು ಮಾಮೂಲಿ ಸ್ಲ್ಯಾಬಿಗೆ ಸರಿ, ಪಿಟಿಗೆ ಅಲ್ಲ.

ಪಿಟಿ ಅಂದ್ರೆ ಪೋಸ್ಟ್ ಟೆನ್ಷನಿಂಗ್. ಕಾಂಕ್ರೀಟ್ ಹಾಕುವಾಗ ಒಳಗೆ ಚಪ್ಪಟೆ ಡಕ್ಟ್ ಮಲಗಿಸಿರ್ತಾರೆ. ಸುಮಾರು ಮೂರು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಅದರೊಳಗೆ ಏಳು ತಂತಿ ಹೆಣೆದ ಕೇಬಲ್‌ಗಳು, ಒಂದು ಡಕ್ಟಿಗೆ ಮೂರೋ ನಾಲ್ಕೋ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಜ್ಯಾಕ್ ಹಾಕಿ ಎಳೀತಾರೆ. 12.7 ಎಂಎಂ ಕೇಬಲ್ ಒಂದರ ತಡೆಯೋ ಶಕ್ತಿ ಹದಿನೆಂಟು ಟನ್ ಮೇಲೆ, ಅದರ ಮುಕ್ಕಾಲು ಭಾಗದಷ್ಟು ಎಳೀತಾರೆ. ಅಂದ್ರೆ ಎಳೆಯುವಾಗ ಒಂದೊಂದು ಕೇಬಲ್ಲಿಗೂ ಹದಿನಾಲ್ಕು ಟನ್ ಬಿಗಿ. ಆಮೇಲೆ ಸ್ವಲ್ಪ ಸಡಿಲಾದ್ರೂ ಹೆಚ್ಚಿನದು ಹಾಗೇ ನಿಮ್ಮ ತಲೆ ಮೇಲಿದೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರಲ್ಲ. ಕೇಬಲ್ ನೆಟ್ಟಗೆ ಹೋಗಿರಲ್ಲ. ಕಾಲಂ ಮೇಲೆ ಬಂದಾಗ ಸ್ಲ್ಯಾಬಿನ ಮೇಲ್ಭಾಗದಲ್ಲಿರತ್ತೆ, ಎರಡು ಕಾಲಂ ನಡುವೆ ತೊಟ್ಟಿಲ ಹಗ್ಗದ ಹಾಗೆ ಕೆಳಗೆ ಜೋತು ಬಿದ್ದಿರತ್ತೆ. ಅಂದ್ರೆ ಹಾಲ್ ಮಧ್ಯದಲ್ಲಿ, ಫ್ಯಾನ್ ಹಾಕೋ ತೂಗುಮಂಚ ಹಾಕೋ ಜಾಗದಲ್ಲೇ, ಚಾವಣಿಗೆ ತೀರಾ ಹತ್ತಿರ ಇರತ್ತೆ. ಎಲ್ಲಿ ಕೊರೀಬಾರದೋ ಅಲ್ಲೇ ಎಲ್ಲರೂ ಕೊರೆಯೋದು. ಕೇಬಲ್ ತುಂಡಾದ್ರೆ ಸ್ಲ್ಯಾಬ್ ಕೆಳಗೆ ಬರತ್ತೆ, ತಮಾಷೆ ಅಲ್ಲ.

ಧಾರವಾಡ ಪೇಢೆ · 11:09

ಯಪ್ಪಾ, ಓದಿ ನಮ್ಮ ಮನಿ ಫ್ಯಾನ್ ಕಡೆ ನೋಡಾಕ ಹತ್ತೀನಿ 😅

ಮರಳುಗಾಡಿನ ಕನ್ನಡಿಗ · 11:48

ದಾವಣಗೆರೆ ಅಣ್ಣ, ಹೇಳಿದ್ದೆಲ್ಲಾ ಸರಿ, ಕೊನೇ ಸಾಲು ಮಾತ್ರ ಜಾಸ್ತಿ ಆಯ್ತು. ಅಕ್ಕಾವ್ರು ರಾತ್ರಿ ನಿದ್ದೆ ಮಾಡಲ್ಲ ಈಗ. ನಮ್ಮ ಕಡೆ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಗ್ರೌಟ್, ಅಂದ್ರೆ ನೀರಾದ ಸಿಮೆಂಟ್ ತುಂಬಿದ ಡಕ್ಟ್. ಕೇಬಲ್ ಉದ್ದಕ್ಕೂ ಸಿಮೆಂಟಿಗೆ ಅಂಟ್ಕೊಂಡಿರತ್ತೆ. ಒಂದು ಕಡೆ ಏಟು ಬಿದ್ರೆ ಆ ಜಾಗದ ಬಲ ಹೋಗತ್ತೆ, ಸ್ವಲ್ಪ ದೂರದಲ್ಲಿ ಮತ್ತೆ ಹಿಡ್ಕೊಳ್ಳತ್ತೆ. ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಕೊಳವೆಯಲ್ಲಿ ಬಿಟ್ಟಿರೋ ಕೇಬಲ್ ಆದ್ರೆ ಕತೆ ಬೇರೆ. ಅದು ತುಂಡಾದ್ರೆ ಈ ತುದಿಯಿಂದ ಆ ತುದಿವರೆಗೆ ಬಿಗಿ ಪೂರ್ತಿ ಹೋಯ್ತು. ಒಂದೊಂದ್ಸಲ ಕಟ್ಟಡದ ಅಂಚಿನಿಂದ ಈಟಿ ಥರ ಹೊರಗೂ ನುಗ್ಗತ್ತೆ.

ಮತ್ತೆ ಸಣ್ಣ ಹ್ಯಾಮರ್ ಬಿಟ್ ಆ ಗಟ್ಟಿ ತಂತಿಯನ್ನ ಅಷ್ಟು ಸುಲಭವಾಗಿ ಕಡಿಯಲ್ಲ. ನಿಜವಾದ ಅಪಾಯ ದೊಡ್ಡ ದುಂಡು ತೂತು ಕೊಯ್ಯೋ ಕೋರ್ ಕಟಿಂಗ್ ಮೆಷಿನ್ನಿಂದ. ವಜ್ರದ ಹಲ್ಲಿನ ಬಿಟ್ಟಿಗೆ ಕಾಂಕ್ರೀಟೂ ಒಂದೇ, ಕಂಬೀನೂ ಒಂದೇ. ನೀರು ಸುರೀತಾ ಸುಮ್ನೆ ಕೊಯ್ಕೊಂಡು ಹೋಗತ್ತೆ, ನಡೆಸೋವ್ರಿಗೂ ಗೊತ್ತಾಗಲ್ಲ.

ದಾವಣಗೆರೆ ಸೈಟ್ · 11:55

ಒಪ್ಪಿದೆ. ಆದ್ರೆ ಗ್ರೌಟ್ ಸರಿಯಾಗಿ ತುಂಬಿದ್ರೆ ಅನ್ನೋ ಷರತ್ತು ಸೇರಿಸಿ. ಅರ್ಧ ಖಾಲಿ ಇರೋ ಡಕ್ಟ್ ನಾನು ಕಣ್ಣಾರೆ ನೋಡಿದೀನಿ. ಹೆದರಿಸೋಕೆ ಹೇಳಿದ್ದಲ್ಲ, ಎರಡನೇ ಸಲ ಡ್ರಿಲ್ ಎತ್ತದೇ ಇರ್ಲಿ ಅಂತ ಹೇಳಿದ್ದು.

ಟೆಕ್ಸಾಸ್ ತುಮಕೂರು · 12:20

ಇಲ್ಲಿ ನಾವಿರೋ ಮನೆಯ ಗ್ಯಾರೇಜ್ ನೆಲದಲ್ಲೇ ಅಚ್ಚು ಒತ್ತಿದಾರೆ, "ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಕತ್ತರಿಸಬೇಡಿ, ಕೊರೆಯಬೇಡಿ" ಅಂತ. ಇಲ್ಲಿಯದ್ದು ಗ್ರೀಸ್ ಕೇಬಲ್. ಮನೆ ತಗೊಂಡಾಗ ಅದನ್ನ ಯಾವುದೋ ಕಂಪನಿ ಜಾಹೀರಾತು ಅನ್ಕೊಂಡಿದ್ದೆ.

ಕುಡ್ಲದ ಪೊಡಿಮೀನು · 12:34

ನಮ್ಮಲ್ಲಿ ಹಂಚಿನ ಮನೆ ಮಾರಾಯ್ರೆ, ಅಡ್ಡಕ್ಕೆ ತೊಲೆ ಉಂಟು. ಸರಪಳಿ ಸುತ್ತಿದರೆ ಆಯ್ತು, ಮುಗೀತು. ಈ ಪಂಚಾಯಿತಿಯೇ ಇಲ್ಲ.

ಶಿರಸಿ ಸೊಸೆ · 12:50

@ಕುಡ್ಲ ಅದೇ ಮಾತು ನಮ್ಮತ್ತೆ ದಿನಕ್ಕೆ ಹತ್ತು ಸಲ ಹೇಳ್ತಾರೆ. "ತೊಲೆ ಇಲ್ಲದ ಮನೆ ಅದೆಂಥ ಮನೆ" ಅಂತ.

@ಮರಳುಗಾಡು ಸ್ವಲ್ಪ ಉಸಿರು ಬಂತು ಅಣ್ಣ. ಹಾಗಾದ್ರೆ ಡಿಟೆಕ್ಟರ್ ತಗೊಳ್ಳಾ?

ವೈರ್‌ಮನ್ ಮಂಡ್ಯ · 13:15

ನನ್ನ ಹತ್ರ ಬಾಷ್ ಜಿಎಂಎಸ್ 120 ಇದೆ, ಆರು ವರ್ಷದಿಂದ ಬಳಸ್ತಿದೀನಿ. ಗೋಡೆಗೆ ಟಿವಿ, ಗೀಸರ್, ಕರ್ಟನ್ ರಾಡ್ ಅಂದ್ರೆ ಧಾರಾಳವಾಗಿ ಸಾಕು. ಡಬ್ಬದ ಮೇಲೆ ಬರೆದಿರೋ ಲೆಕ್ಕ: ಕಬ್ಬಿಣ 120 ಎಂಎಂ ಆಳದವರೆಗೆ, ತಾಮ್ರ 80, ಕರೆಂಟ್ ಹರಿಯೋ ವೈರ್ 50, ಮರ 38. ಅದು ಎಲ್ಲಾ ಅನುಕೂಲ ಇದ್ದಾಗ. ನಮ್ಮ ಗೋಡೆಗಳಲ್ಲಿ ಅಷ್ಟು ನಂಬಬೇಡಿ. ಅನುಭವದಿಂದ ಕೆಲವು ಹೇಳ್ತೀನಿ.

ಕಾಲಂ ಮತ್ತೆ ಬ್ಲಾಕ್ ಗೋಡೆ ಸೇರೋ ಕಡೆ ಪ್ಲಾಸ್ಟರ್ ಬಿರುಕು ಬಿಡದೇ ಇರ್ಲಿ ಅಂತ ಕೋಳಿ ಜಾಲರಿ ಹೊಡೆದಿರ್ತಾರೆ. ಅಲ್ಲಿ ಮೆಷಿನ್ ಇಟ್ರೆ ಎಲ್ಲಾ ಕಡೆ ಕೀಂಯ್ ಅನ್ನತ್ತೆ. ಗೋಡೆ ತುಂಬಾ ಕಂಬಿ ಅಂತ ಅರ್ಥ ಅಲ್ಲ. ಮಳೆಗಾಲದಲ್ಲಿ ಗೋಡೆ ತೇವ ಇದ್ರೆ ಅರ್ಧ ಗೋಡೆಯಲ್ಲೇ ಕರೆಂಟ್ ಇದೆ ಅನ್ನತ್ತೆ. ಆಗ ಇನ್ನೊಂದು ಅಂಗೈಯನ್ನ ಮೆಷಿನ್ ಪಕ್ಕದಲ್ಲೇ ಗೋಡೆಗೆ ಒತ್ತಿ ಹಿಡೀರಿ, ಸುಮಾರು ಸಲ ಸರಿಹೋಗತ್ತೆ.

ಹುಡುಕುವಾಗ ಕರೆಂಟ್ ಆನ್ ಇರಬೇಕು, ಲೈಟು ಫ್ಯಾನು ಎಲ್ಲಾ ಹಾಕಿ. ಇಲ್ಲದಿದ್ರೆ ಆ ವೈರ್ ಮೆಷಿನ್ನಿಗೆ ಸಿಗದೇ ಹೋಗಬಹುದು. ಕೊರೆಯುವಾಗ ಆಫ್ ಇರಬೇಕು. ಮೇನ್ ಆಫ್ ಮಾಡಿದ್ವಿ ಅಂತ ಧೈರ್ಯ ಬೇಡ. ಯುಪಿಎಸ್ ಲೈನು ಆಗಲೂ ಜೀವಂತ! ಲೈಟು ಫ್ಯಾನು ಅದರಲ್ಲೇ ಇರೋದು. ಇದರಲ್ಲಿ ನನಗೇ ಒಂದ್ಸಲ ಪೆಟ್ಟು ಬಿದ್ದಿದೆ, ಏಣಿ ಮೇಲಿಂದ ನೇರ ದಿವಾನದ ಮೇಲೆ. ಆ ಮನೆಯವರು ಇವತ್ತಿಗೂ ನೆನೆಸ್ಕೊಂಡು ನಗ್ತಾರೆ.

ಗೋಡೆಯಲ್ಲಾದ್ರೆ ಪೈಪು ಸ್ವಿಚ್ ಬೋರ್ಡಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಅಡ್ಡಕ್ಕೋ ಹೋಗಿರತ್ತೆ, ಊಹೆ ಮಾಡಬಹುದು. ಸ್ಲ್ಯಾಬಲ್ಲಿ ಆ ನಿಯಮ ಇಲ್ಲ. ಪೈಪ್ ಉಳೀಲಿ ಅಂತ ಫ್ಯಾನ್ ಬಾಕ್ಸಿಂದ ಮೂಲೆಗೆ ಓರೆಯಾಗಿ ಎಳೆದಿರ್ತೀವಿ. ನಾವೇ ಎಳೆದಿರ್ತೀವಿ, ಆರು ತಿಂಗಳಾದ್ಮೇಲೆ ನಮಗೇ ನೆನಪಿರಲ್ಲ.

ಬಳ್ಳಾರಿ ಬಿಸಿಲು · 13:22

ಮೊಬೈಲಲ್ಲಿ ಮೆಟಲ್ ಡಿಟೆಕ್ಟರ್ ಆ್ಯಪ್ ಇದೆಯಲ್ಲ, ಪುಗಸಟ್ಟೆ.

ವೈರ್‌ಮನ್ ಮಂಡ್ಯ · 13:26

ಮೊಬೈಲಲ್ಲಿರೋ ದಿಕ್ಸೂಚಿಯನ್ನೇ ಅದು ಬಳಸೋದು. ಕಬ್ಬಿಣ ಒಂದಿಂಚು ಹತ್ತಿರ ಇದ್ರೆ ಮುಳ್ಳು ಅಲ್ಲಾಡತ್ತೆ. ತಾಮ್ರ, ಪಿವಿಸಿ, ಸಿಪಿವಿಸಿ ಯಾವುದೂ ಅದಕ್ಕೆ ಕಾಣಲ್ಲ. ಗೋಡೆ ಮೊಳೆ ಹುಡುಕೋಕೆ ಸರಿ.

ಹಾಸನದ ಮಲ್ಲಿಗೆ · 13:41

ಬಾತ್‌ರೂಮಿಗೆ ನಮ್ಮ ಪ್ಲಂಬರ್ ಹೇಳಿಕೊಟ್ಟ ಉಪಾಯ: ಗೀಸರ್ ಹಾಕಿ ಬಿಸಿನೀರು ಹತ್ತು ನಿಮಿಷ ಬಿಡಿ, ಆಮೇಲೆ ಟೈಲ್ಸ್ ಮೇಲೆ ಹಿಂಗೈ ಆಡಿಸ್ತಾ ಹೋಗಿ. ಪೈಪ್ ಹೋಗಿರೋ ದಾರಿ ಬೆಚ್ಚಗಿರತ್ತೆ. ಪೆನ್ಸಿಲಲ್ಲಿ ಗೆರೆ ಎಳ್ಕೊಳ್ಳಿ. ತಣ್ಣೀರಿನ ಪೈಪಿಗೆ ಇದು ನಡೆಯಲ್ಲ. ಅದಕ್ಕೆ ನಲ್ಲಿಯ ನೇರಕ್ಕೆ ಮೇಲೂ ಕೆಳಗೂ ಏನೂ ಕೊರೀಬೇಡಿ.

ಇದನ್ನ ಕಲಿತಿದ್ದು ಹೇಗೆ ಅಂದ್ರೆ, ಗೌರಿ ಹಬ್ಬದ ಹಿಂದಿನ ದಿನ ನಮ್ಮೆಜಮಾನ್ರು ಟವೆಲ್ ರಾಡ್ ಹಾಕೋಕೆ ಹೋಗಿ ಡೈವರ್ಟರ್ ಮೇಲಿನ ಪೈಪಿಗೇ ಡ್ರಿಲ್ ಇಳಿಸಿದ್ರು. ಓವರ್‌ಹೆಡ್ ಟ್ಯಾಂಕ್ ಖಾಲಿ ಆಗೋವರೆಗೂ ತೂತಿಗೆ ಹೆಬ್ಬೆರಳು ಕೊಟ್ಕೊಂಡು ನಿಂತಿದ್ರು. ನಾನು ಆ ಕಡೆ ಬಾಗಿನದ ಮೊರ ಜೋಡಿಸ್ತಾ ಇದ್ದೆ.

ಧಾರವಾಡ ಪೇಢೆ · 13:44

ನಿಮ್ಮ ಯಜಮಾನ್ರಿಗೆ ಒಂದ್ ಬಾಗಿನ ಕೊಡಬೇಕಿತ್ತ ನೋಡ್ರಿ 🤣

ಮರಳುಗಾಡಿನ ಕನ್ನಡಿಗ · 15:02

ಅಕ್ಕಾವ್ರೆ, ಕೈಯಲ್ಲಿ ಹಿಡಿಯೋ ಡಿಟೆಕ್ಟರ್ ನಿಮ್ಮ ಕೆಲಸಕ್ಕೆ ಸಾಲಲ್ಲ. ನಾನು ಏಳು ವರ್ಷದಿಂದ ಗಲ್ಫಲ್ಲಿ ಇದೇ ಕೆಲಸ ಮಾಡ್ತಿರೋದು, ಕಾಂಕ್ರೀಟ್ ಸ್ಕ್ಯಾನಿಂಗ್. ನಮ್ಮ ಸೈಟುಗಳಲ್ಲಿ ಸ್ಕ್ಯಾನ್ ಕಾಗದ ಇಲ್ಲದೆ ಒಂದು ಕೋರ್ ಹೊಡೆಯೋಕೂ ಪರ್ಮಿಟ್ ಕೊಡಲ್ಲ. ಸ್ವಲ್ಪ ಉದ್ದ ಆಗತ್ತೆ, ಓದಿ.

ಮುಖ್ಯವಾಗಿ ಮೂರು ದಾರಿ. ಒಂದು ಮ್ಯಾಗ್ನೆಟ್ ಥರದ್ದು, ಕವರ್ ಮೀಟರ್ ಅಂತೀವಿ. ಕಾಯಿಲ್‌ನಲ್ಲಿ ಕರೆಂಟ್ ಬಿಟ್ಟು, ಒಳಗಿನ ಲೋಹ ಅದಕ್ಕೆ ಹೇಗೆ ಉತ್ತರ ಕೊಡತ್ತೆ ಅಂತ ನೋಡತ್ತೆ. ಮೇಲ್ಪದರದ ಕಂಬಿ ಎಷ್ಟು ಆಳದಲ್ಲಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳೋಕೆ ಇದನ್ನ ಮೀರಿಸಿದ್ದಿಲ್ಲ. ಆದ್ರೆ ಲೋಹ ಬಿಟ್ಟು ಬೇರೇನೂ ಕಾಣಲ್ಲ, ಕಂಬಿ ಹಿಂದಿರೋ ಕೇಬಲ್ ಯಾವುದು ಅಂತ ಬಿಡಿಸಿ ಹೇಳಲ್ಲ.

ಎರಡನೇದು ಎಕ್ಸ್-ರೇ ಅಥವಾ ಗಾಮಾ. ಚಿತ್ರ ಬಹಳ ಸ್ಪಷ್ಟ. ಆದ್ರೆ ಒಂದು ಕಡೆ ಮೂಲ, ಇನ್ನೊಂದು ಕಡೆ ಫಿಲ್ಮ್ ಇಡಬೇಕು, ಅಂದ್ರೆ ಮೇಲಿನ ಮನೆಯವರ ಹಾಲೂ ಖಾಲಿ ಮಾಡಿಸ್ಬೇಕು. ಇರಿಡಿಯಂ 192 ಥರದ ವಿಕಿರಣ ವಸ್ತು, ಭಾರತದಲ್ಲಿ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಅನುಮತಿ ಇಲ್ಲದೆ ಮುಟ್ಟಂಗಿಲ್ಲ. ಮನೆ ಕೆಲಸಕ್ಕೆ ಮರೆತುಬಿಡಿ.

ಮೂರನೇದು ಜಿಪಿಆರ್, ಅಂದ್ರೆ ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್. ನಾಲ್ಕು ಚಕ್ರದ ಸಣ್ಣ ಪೆಟ್ಟಿಗೆ, ಇಸ್ತ್ರಿ ಪೆಟ್ಟಿಗೆಗಿಂತ ಒಂಚೂರು ದೊಡ್ಡದು. ರೇಡಿಯೋ ಅಲೆ ಒಳಗೆ ಬಿಡತ್ತೆ. ಒಂದು ವಸ್ತುವಿಂದ ಇನ್ನೊಂದಕ್ಕೆ ಹೋಗೋ ಗಡಿಯಲ್ಲಿ ಒಂದಿಷ್ಟು ಅಲೆ ವಾಪಸ್ ಬರತ್ತೆ, ಲೋಹ ಸಿಕ್ಕಿದ್ರೆ ಪೂರ್ತಿ ವಾಪಸ್. ಒಣಗಿದ ಕಾಂಕ್ರೀಟಲ್ಲಿ ಅಲೆ ಒಂದು ನ್ಯಾನೋಸೆಕೆಂಡಿಗೆ ಹೆಚ್ಚುಕಡಿಮೆ 10 ಸೆಂಟಿಮೀಟರ್ ಓಡತ್ತೆ, ಹೋಗಿ ಬಂದ ಸಮಯದಿಂದ ಆಳ ಲೆಕ್ಕ. ಒಂದೇ ಕಡೆಯಿಂದ ನೋಡಿದ್ರೆ ಸಾಕು.

ಪರದೆ ಮೇಲೆ ಕಂಬಿ ಚುಕ್ಕೆ ಥರ ಕಾಣಲ್ಲ, ಕಮಾನಿನ ಥರ ಕಾಣತ್ತೆ. ಯಾಕಂದ್ರೆ ಪೆಟ್ಟಿಗೆ ಕಂಬಿಯ ನೇರಕ್ಕೆ ಬರೋ ಮುಂಚೆಯೇ ಅಲೆ ಓರೆಯಾಗಿ ಹೋಗಿ ಅದನ್ನ ಮುಟ್ಟತ್ತೆ. ದಾರಿ ಉದ್ದ, ಅದಕ್ಕೆ ಆಳ ಇದ್ದ ಹಾಗೆ ತೋರತ್ತೆ. ನೇರ ಮೇಲೆ ಬಂದಾಗ ದಾರಿ ಕಮ್ಮಿ, ದಾಟಿ ಹೋದ್ಮೇಲೆ ಮತ್ತೆ ಉದ್ದ. ಕಮಾನಿನ ನೆತ್ತಿಯೇ ಕಂಬಿ ಇರೋ ಜಾಗ. ಸಾಲಾಗಿ ಕಂಬಿ ಇದ್ರೆ ಬಾಗಿಲಿಗೆ ಎಳೆದ ರಂಗೋಲಿ ಅಂಚಿನ ಥರ ಕಮಾನು, ಕಮಾನು, ಕಮಾನು.

ಇದರಲ್ಲಿ ಕೇಬಲ್ ಗುರುತಿಸೋದು ಹೇಗೆ? ಕಂಬಿ ಆರೇಳು ಇಂಚಿಗೊಂದು ಒಂದೇ ಆಳದಲ್ಲಿ ಸಾಲಾಗಿ ಬರತ್ತೆ. ಕೇಬಲ್ ಅದಕ್ಕಿಂತ ಬಹಳ ದೂರ ದೂರಕ್ಕೆ, ಅಗಲವಾದ ಗಟ್ಟಿ ಕಮಾನು. ಎರಡಡಿ ಮುಂದೆ ಹೋಗಿ ಇನ್ನೊಂದು ಗೆರೆ ಎಳೆದ್ರೆ ಆಳ ಬದಲಾಗಿರತ್ತೆ. ಈ ಏರಿಳಿತವೇ ಅದರ ಜಾತಕ. ಖಾಲಿ ಪಿವಿಸಿ ಪೈಪಾದ್ರೆ ಮಸುಕು, ಕಪ್ಪು ಬಿಳಿ ಪಟ್ಟೆಗಳ ಕ್ರಮ ಲೋಹಕ್ಕಿಂತ ತಿರುವುಮುರುವು.

ದೇವರಲ್ಲ ಇದು. ಹೊಸ ಕಾಂಕ್ರೀಟು, ನೀರು ಕುಡಿದ ಸ್ಲ್ಯಾಬು ಅಲೆಯನ್ನ ನುಂಗಿಹಾಕತ್ತೆ. ಮೇಲಿನ ಪದರದ ಕಂಬಿ ಒತ್ತೊತ್ತಾಗಿದ್ರೆ ಅದರ ನೆರಳಲ್ಲಿ ಹಿಂದಿನದ್ದು ಕಾಣಲ್ಲ. ಕಂಬಿ 10 ಎಂಎಂ ಇದೆಯೋ 12 ಇದೆಯೋ ಅಂತ ಕೇಳಿದ್ರೆ ನಂಬೋ ಹಾಗೆ ಹೇಳಲ್ಲ. ಹೆಚ್ಚಿನದು ಓದೋವನ ಕಣ್ಣಲ್ಲಿದೆ. ಎರಡೂ ದಿಕ್ಕಿಗೆ, ನಾಲ್ಕೈದು ಇಂಚಿಗೊಂದು ಗೆರೆ ಎಳೆದು ಸ್ಕ್ಯಾನ್ ಮಾಡಿ ಚಾವಣಿ ಮೇಲೇ ಗುರುತು ಹಾಕಿಕೊಡಿ ಅಂತ ಕೇಳಿ. ಬರೀ ಪಿಡಿಎಫ್ ಕಳಿಸ್ತೀನಿ ಅಂದ್ರೆ ಒಪ್ಪಬೇಡಿ.

ದಾವಣಗೆರೆ ಸೈಟ್ · 15:20

ಇದಕ್ಕೆ ನೂರು ಲೈಕ್. ಒಂದು ಸೇರಿಸ್ತೀನಿ. ಕೆಲವು ಪಿಟಿ ಗುತ್ತಿಗೆದಾರರು ಸೆಂಟ್ರಿಂಗ್ ಶೀಟ್ ಮೇಲೆ ಕೇಬಲ್ ದಾರಿಗೆ ಬಣ್ಣ ಬಳಿದಿರ್ತಾರೆ. ಶೀಟ್ ಬಿಚ್ಚಿದ ಮೇಲೆ ಆ ಬಣ್ಣ ಚಾವಣಿಗೆ ಅಂಟಿರತ್ತೆ. ಆಮೇಲೆ ಪುಟ್ಟಿಯವರು ಬಂದು ನೀಟಾಗಿ ಮುಚ್ಚಿಹಾಕ್ತಾರೆ. ನಿಮ್ಮ ಬೇಸ್‌ಮೆಂಟಲ್ಲಿ ಪುಟ್ಟಿ ಇಲ್ಲದ ಕಡೆ ತಲೆ ಎತ್ತಿ ನೋಡಿ, ಗೆರೆ ಕಂಡ್ರೆ ಪದ್ಧತಿ ಏನು ಅಂತ ಗೊತ್ತಾಗತ್ತೆ.

ನಿಮ್ಮ ಎರಡನೇ ತೂತು ನನ್ನ ಊಹೆಯಲ್ಲಿ ಕೆಳ ಜಾಲರಿಯ ಕಂಬಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ವಾತಾವರಣದಲ್ಲಿ ಸ್ಲ್ಯಾಬಿಗೆ ಕಡಿಮೆ ಅಂದ್ರೂ 20 ಎಂಎಂ ಕವರ್, ಅಂದ್ರೆ ಕಂಬಿಯನ್ನ ಮುಚ್ಚೋ ಕಾಂಕ್ರೀಟ್ ಪದರ, ಇರಬೇಕು. ಒಂದೂವರೆ ಇಂಚಲ್ಲಿ ಪುಟ್ಟಿ, ಜಿಪ್ಸಂ ಕಳೆದ್ರೆ ಲೆಕ್ಕ ಹೊಂದತ್ತೆ. ಊಹೆ ಅಷ್ಟೇ ಮತ್ತೆ.

ಮೈಸೂರು ಅಂಕಲ್ · 16:02

ಒಂದು ಮಂಚ ತೂಗುಹಾಕೋಕೆ ರೇಡಾರ್! ನಾವು ಸ್ಲ್ಯಾಬ್ ಹಾಕಿಸುವಾಗಲೇ ಕಂಬಿಗೆ ಕೊಕ್ಕೆ ಕಟ್ಟಿಸಿಬಿಟ್ಟಿದ್ವಿ. ನಾಲ್ಕು ಕೊಕ್ಕೆ, ನಲವತ್ತು ವರ್ಷ, ಮೊಮ್ಮಕ್ಕಳೂ ಆಡಿದ್ರು.

ದಾವಣಗೆರೆ ಸೈಟ್ · 16:10

ಸಾರ್, ಅದು ನೂರಕ್ಕೆ ನೂರು ಸರಿಯಾದ ಪದ್ಧತಿ, ಈಗಿನವರು ಮಾಡಲ್ಲ ಅನ್ನೋದೇ ನೋವು. ಆದ್ರೆ ಕೊಕ್ಕೆ ಬಿಟ್ಟಿರೋ ಮನೆಗೂ ಬಿಡದೇ ಇರೋ ಮನೆಗೂ ಒಂದೇ ಉಪದೇಶ ಹೇಗಾಗತ್ತೆ?

ಮೈಸೂರು ಅಂಕಲ್ · 16:25

ಸುತ್ತಿಗೆ ವಿಷಯ ವಾಪಸ್ ತಗೊಂಡೆ. ಕೊಕ್ಕೆ ವಿಷಯ ತಗೊಳ್ಳಲ್ಲ.

ಕೋಲಾರ ಚಿನ್ನ · 17:30

ಪುರಿ ಜಗನ್ನಾಥ ದೇವಸ್ಥಾನದ ರತ್ನ ಭಂಡಾರದಲ್ಲಿ ಗುಪ್ತ ಕೋಣೆ ಇದೆಯಾ ಅಂತ 2024ರಲ್ಲಿ ಪುರಾತತ್ವ ಇಲಾಖೆ ನೋಡಿದ್ದು ಇದೇ ಜಿಪಿಆರ್‌ನಲ್ಲಿ ತಾನೆ?

ಮರಳುಗಾಡಿನ ಕನ್ನಡಿಗ · 17:52

ತತ್ವ ಒಂದೇ, ಆಂಟೆನಾ ಬೇರೆ. ಫ್ರೀಕ್ವೆನ್ಸಿ ಕಮ್ಮಿ ಇದ್ರೆ ಆಳಕ್ಕೆ ಹೋಗತ್ತೆ, ಸಣ್ಣದು ಕಾಣಲ್ಲ. ಜಾಸ್ತಿ ಇದ್ರೆ ಸಣ್ಣದು ಕಾಣತ್ತೆ, ಆಳಕ್ಕೆ ಹೋಗಲ್ಲ. ನಮ್ಮದು ಗಿಗಾಹರ್ಟ್ಸ್ ಮೇಲೆ, ಒಂದಡಿ ಚಿಲ್ಲರೆ ಆಳ ಸಾಕು. ರೇಡಿಯೋ ಅಲೆಯಲ್ಲಿ ಮೊದಲು ಅಳೆದದ್ದು ಕಾಂಕ್ರೀಟೂ ಅಲ್ಲ ನಿಧಿಯೂ ಅಲ್ಲ, 1929ರಲ್ಲಿ ಆಸ್ಟ್ರಿಯಾದ ಒಂದು ಹಿಮನದಿಯ ದಪ್ಪ.

ಬಳ್ಳಾರಿ ಬಿಸಿಲು · 18:05

ರಸ್ತೆ ಅಗೆಯೋರಿಗೆ ಮೊದಲು ಇದನ್ನ ಕೊಡಿಸ್ರಪ್ಪಾ. ನಮ್ಮ ಬೀದಿಯಲ್ಲಿ ಜೆಸಿಬಿ ಬಂತು ಅಂದ್ರೆ ಮೊದಲು ನೀರು ಹೋಗತ್ತೆ, ಆಮೇಲೆ ಇಂಟರ್ನೆಟ್ ಹೋಗತ್ತೆ.

ಟೆಕ್ಸಾಸ್ ತುಮಕೂರು · 18:30

ಅದಕ್ಕೂ ಒಂದು ಆ್ಯಪ್ ಇದೆ, 2023ರ ಮಾರ್ಚಲ್ಲಿ ಕೇಂದ್ರ ಸರ್ಕಾರ ತಂದಿದ್ದು, "ಕಾಲ್ ಬಿಫೋರ್ ಯು ಡಿಗ್". ಅಗೆಯೋ ಮುಂಚೆ ಅಲ್ಲಿ ಯಾರ ಕೇಬಲ್, ಯಾರ ಪೈಪ್ ಇದೆ ಅಂತ ಕೇಳ್ಕೊಳ್ಳೋಕೆ.

ಬಳ್ಳಾರಿ ಬಿಸಿಲು · 18:33

ಜೆಸಿಬಿ ಡ್ರೈವರ್ ಮೊಬೈಲಲ್ಲಿ ರೀಲ್ಸ್ ಇದೆ, ಅದಿಲ್ಲ.

ಹುಬ್ಬಳ್ಳಿ ಎಸಿ ಮೆಕಾನಿಕ್ · 20:15

ನಂದೊಂದ್ ತಪ್ಪು ಹೇಳ್ತೀನ್ರೀ, ಮಂದಿ ಕಲೀಲಿ. ಮೂರು ವರ್ಷದ ಹಿಂದ ಒಂದು ಮನ್ಯಾಗ ಎಸಿ ಪೈಪಿಗೆ ಎರಡೂವರೆ ಇಂಚು ಕೋರ್ ಹೊಡೀಬೇಕಿತ್ತು. ಮನಿಯವರು ಪೈಪ್ ಕಾಣಬಾರದು, ಮ್ಯಾಲ ಹೊಡೀರಿ ಅಂದ್ರು. ಮ್ಯಾಲ ಅಂದ್ರ ಬೀಮ್. ಪ್ಲಾಸ್ಟರ್ ಆಗಿತ್ತು, ನನಗ ಬೀಮ್ ಎಲ್ಲಿ ಮುಗದೈತಿ, ಗೋಡಿ ಎಲ್ಲಿ ಶುರು ಆಗೈತಿ ಗೊತ್ತಾಗಲಿಲ್ಲ. ಅರ್ಧಾ ಹ್ವಾದ ಮ್ಯಾಲ ಹರಿಯೋ ನೀರು ಕಪ್ಪಾತು, ಮಷಿನ್ ಗುರ್ ಅಂತ ಭಾರ ಆತು. ನಿಲ್ಲಿಸ್ಲಿಲ್ಲ. ಇದು ನನ್ನ ತಪ್ಪು. ಹೊರಗ ಬಂದ ಕೋರಿನ ತುಂಡಿನಾಗ ಎರಡು ರಿಂಗ್ ಕಂಬಿ ದುಂಡಗ ಕಟ್ ಆಗಿ ಬೆಳ್ಳಿ ರೂಪಾಯಿ ಹಂಗ ಹೊಳಿಯಾಕ ಹತ್ತಿತ್ತು.

ಆ ತುಂಡು ಇವತ್ತಿಗೂ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಇಟ್ಕೊಂಡೀನಿ. ಆ ಮನಿಗೆ ಎಂಜಿನಿಯರ್ ಕರ್ಕೊಂಡ್ ಬಂದು ಬೀಮಿಗೆ ಸ್ಟೀಲ್ ಪ್ಲೇಟ್ ಹಾಕಿಸ್ದೆ, ಖರ್ಚು ನಂದೇ. ಈಗ ಗಿರಾಕಿ ಎಷ್ಟ ಬಡಕೊಂಡ್ರೂ ಮೊದಲು ಕಿಟಕಿ ಮ್ಯಾಲಿನ ಲಿಂಟಲ್ ನೋಡ್ತೀನಿ, ಬೀಮ್ ತಳ ಅಳೀತೀನಿ, ಆಮ್ಯಾಲ ಮಷಿನ್.

ಹಾಸನದ ಮಲ್ಲಿಗೆ · 20:21

ಸ್ವಂತ ಖರ್ಚಲ್ಲಿ ಸರಿ ಮಾಡಿಸಿದ್ರಲ್ಲ, ನಿಮ್ಮಂಥವರ ನಂಬರ್ ನಮಗೆ ಸಿಗಲ್ಲ ನೋಡಿ.

ಮೈವಾನ್ ಮನೆ · 21:10

ನಮ್ಮದು ಗೋಡೆಗಳೇ ಕಾಂಕ್ರೀಟು, ಅಲ್ಯೂಮಿನಿಯಂ ಶೀಟ್ ಕಟ್ಟಿ ಗೋಡೆ ಸ್ಲ್ಯಾಬ್ ಒಟ್ಟಿಗೇ ಹಾಕಿದ್ದು. ಒಂದು ಸ್ವಿಚ್ ಬೋರ್ಡ್ ಸರಿಸ್ಬೇಕು ಅಂದ್ರೆ ಗೋಡೆ ಕೊಯ್ಯಂಗಿಲ್ಲ ಅಂತಾರೆ. ನಿಜಾನಾ, ಸುಮ್ನೆ ಹೆದರಿಸ್ತಾರಾ?

ದಾವಣಗೆರೆ ಸೈಟ್ · 21:18

ನಿಜ. ನಿಮ್ಮ ಗೋಡೆಯೇ ಕಟ್ಟಡವನ್ನ ಹೊತ್ತಿರೋದು. ಮೊಳೆ, ಸಣ್ಣ ಆಂಕರ್ ಬೋಲ್ಟ್ ಪರವಾಗಿಲ್ಲ. ಉದ್ದಕ್ಕೆ ಕಾಲುವೆ ಥರ ಕೊಯ್ಯಂಗಿಲ್ಲ. ಹೊರಗಿಂದ ಕೇಸಿಂಗ್ ಪಟ್ಟಿಯಲ್ಲಿ ವೈರ್ ತಗೊಂಡು ಹೋಗಿ.

ಭೌತಶಾಸ್ತ್ರ ಮೇಷ್ಟ್ರು · 21:40

ಎಲ್ಲರೂ ಒಳಗೇನಿದೆ ಅಂತಲೇ ಮಾತಾಡ್ತಿದೀರಿ, ಹೊರಗೇನು ತೂಗುತ್ತೆ ಅಂತ ಯಾರೂ ಕೇಳಲಿಲ್ಲ. ಮಂಚ 80 ಕೆಜಿ, ಕೂರೋರು ನಾಲ್ಕು ಜನ 280, ಒಟ್ಟು 360. ತೂಗುವಾಗ ಇಷ್ಟೇ ಇರಲ್ಲ. ಸರಪಳಿ 30 ಡಿಗ್ರಿವರೆಗೆ ಹೋಗಿ ಬಂದ್ರೆ, ಕೆಳಗೆ ಹಾಯುವ ಕ್ಷಣದಲ್ಲಿ ಎಳೆತ ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಏರುತ್ತೆ, 45 ಡಿಗ್ರಿಗೆ ಹೆಚ್ಚುಕಡಿಮೆ 1.6 ಪಟ್ಟು. ನಾಲ್ಕು ಕೊಕ್ಕೆಗೆ ಸಮನಾಗಿ ಹಂಚೋಕೂ ಹೋಗಬೇಡಿ, ಎಲ್ಲರೂ ಟಿವಿ ಕಡೆಯ ತುದಿಯಲ್ಲೇ ಕೂರ್ತಾರೆ.

ದಾವಣಗೆರೆ ಸೈಟ್ · 21:52

ಮೇಷ್ಟ್ರೇ, ನಮಸ್ಕಾರ. ಅದಕ್ಕೇ ಆಂಕರ್ ಆಳ ಲೆಕ್ಕ ಹಾಕುವಾಗ ಪುಟ್ಟಿ, ಪ್ಲಾಸ್ಟರ್ ದಪ್ಪ ಸೇರಿಸಬಾರದು. ಕಾಂಕ್ರೀಟಿನೊಳಗೆ ಎಷ್ಟು ಹೋಯ್ತೋ ಅಷ್ಟೇ ಲೆಕ್ಕ. ಅಂಟು ತುಂಬಿ ಕೂರಿಸೋ ಕೆಮಿಕಲ್ ಆಂಕರ್ ಆದ್ರೆ ತೂತನ್ನ ಬ್ರಷ್ ಹಾಕಿ, ಊದಿ, ಮತ್ತೆ ಬ್ರಷ್ ಹಾಕಿ ಪುಡಿ ತೆಗೀಬೇಕು. ಪುಡಿ ಉಳಿದ್ರೆ ಅಂಟು ಪುಡಿಗೆ ಹಿಡಿಯತ್ತೆ, ಕಾಂಕ್ರೀಟಿಗಲ್ಲ. ಮತ್ತೆ ದಯವಿಟ್ಟು ಮಾಸ್ಕ್ ಹಾಕ್ಕೊಳ್ಳಿ, ಕೊರೆಯೋ ಹುಡುಗನಿಗೂ ಕೊಡಿ. ಆ ಪುಡಿಯಲ್ಲಿ ಸಿಲಿಕಾ ಇರತ್ತೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರಲ್ಲ.

ಹೊಸ ಮನೆ ಕಟ್ತಿದೀನಿ · ಮಂಗಳವಾರ, 08:05

ಮುಂದಿನ ವಾರ ನಮ್ಮ ಮೊದಲ ಮಹಡಿ ಸ್ಲ್ಯಾಬ್. ಈಗಲೇ ಏನಾದ್ರೂ ಮಾಡ್ಕೋಬಹುದಾ?

ವೈರ್‌ಮನ್ ಮಂಡ್ಯ · 08:20

ಕಾಂಕ್ರೀಟ್ ಹಾಕೋ ದಿನ ಬೆಳಿಗ್ಗೆ, ಮೋಲ್ಡಿನವರು ಬರೋ ಮುಂಚೆ, ಮೂಲೆಯಿಂದ ಟೇಪ್ ಹಿಡಿದು ಫೋಟೊ ತೆಗೀರಿ. ಟೇಪಿನ ಅಂಕಿ ಫೋಟೊದಲ್ಲಿ ಓದೋ ಹಾಗಿರಬೇಕು. ಒಂದೊಂದು ರೂಮಿಗೆ ನಾಲ್ಕು ಫೋಟೊ. ಗೋಡೆಗೆ ಪ್ಲಾಸ್ಟರ್ ಮುಂಚೆ ಹಾಗೇ. ವಾಟ್ಸಾಪಲ್ಲಿ ಇಡಬೇಡಿ, ಫೋನ್ ಬದಲಾದಾಗ ಹೋಗತ್ತೆ. ಪ್ರಿಂಟ್ ಹಾಕಿ ಮನೆ ಪತ್ರದ ಫೈಲಲ್ಲಿ ಇಡಿ.

ಮೈಸೂರು ಅಂಕಲ್ · 08:24

ಮತ್ತೆ ಕೊಕ್ಕೆ.

ಹೊಸ ಮನೆ ಕಟ್ತಿದೀನಿ · 08:31

ಕೊಕ್ಕೆ ಖಂಡಿತಾ ಅಂಕಲ್, ನಾಲ್ಕು 😄

ಶಿರಸಿ ಸೊಸೆ · ಮುಂದಿನ ಭಾನುವಾರ, 19:40

ಎಲ್ಲರಿಗೂ ಧನ್ಯವಾದ, ಅಪ್‌ಡೇಟ್ ಕೊಡ್ತಿದೀನಿ.

ನಿನ್ನೆ ಜಿಪಿಆರ್ ಇರೋ ಇಬ್ಬರು ಬಂದಿದ್ರು. ಹಾಲಿನ ಒಂದು ಭಾಗಕ್ಕೆ ಮಾತ್ರ ಅಂತ ಮಾತಾಡಿ ಹದಿನಾಲ್ಕು ಸಾವಿರಕ್ಕೆ ಒಪ್ಪಿಸಿದ್ವಿ. ಮೇಜಿನ ಮೇಲೆ ನಿಂತು ತಲೆ ಮೇಲೆ ಆ ಪೆಟ್ಟಿಗೆ ಒತ್ತಿ ಹಿಡಿದು ಎರಡು ಗಂಟೆ ತಳ್ಳಿದ್ರು ಪಾಪ, ಕೈ ನಡುಗ್ತಿತ್ತು. ಅತ್ತೆ ಎರಡು ಸಲ ಮಜ್ಜಿಗೆ ಕೊಟ್ರು. ಚಾವಣಿ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಕಂಬಿ, ಕೆಂಪಲ್ಲಿ ಕೇಬಲ್, ಹಳದಿಯಲ್ಲಿ ವೈರ್ ಪೈಪ್. ಕಮಾನು ನಾನೂ ನೋಡಿದೆ ಮರಳುಗಾಡಿನ ಅಣ್ಣಾ, ನಿಜವಾಗ್ಲೂ ರಂಗೋಲಿ ಅಂಚೇ.

ದಾವಣಗೆರೆಯವರ ಊಹೆ ಸರಿ. ಎರಡನೇ ತೂತು ಕೆಳ ಜಾಲರಿಯ ಕಂಬಿ, ಚೂರು ಸವೆದಿದೆ ಅಷ್ಟೇ. ಕುಗ್ಗದ ಗ್ರೌಟ್ ತುಂಬಿಸಿ ಮುಚ್ಚಿ ಅಂದ್ರು. ಆದ್ರೆ ಡ್ರಿಲ್‌ನವನು "ಅರ್ಧ ಅಡಿ ಪಕ್ಕಕ್ಕೆ" ಅಂತ ಪೆನ್ಸಿಲಲ್ಲಿ ಗುರುತು ಹಾಕಿದ್ನಲ್ಲ, ಆ ಗುರುತಿನ ಮೇಲೇ ಕೆಂಪು ಗೆರೆ ಬಂದಿದೆ. ನನ್ನ ಗಂಡ ಅದರ ಫೋಟೊ ತೆಗೆದು ಸುಮ್ನೆ ಕೂತುಬಿಟ್ರು.

ಮಂಚದ ನಾಲ್ಕು ಮೂಲೆಗೆ ಸರಿಯಾಗಿ ನಾಲ್ಕು ಖಾಲಿ ಜಾಗ ಸಿಗಲಿಲ್ಲ. ಎರಡು ಕಬ್ಬಿಣದ ಚಾನೆಲ್ ಚಾವಣಿಗೆ ಅಡ್ಡ ಕೊಟ್ಟು, ಖಾಲಿ ಇರೋ ಕಡೆ ಎಂಟು ಆಂಕರ್ ಹಾಕಿ, ಚಾನೆಲ್ಲಿಂದ ಸರಪಳಿ ಇಳಿಸಬಹುದು ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಸ್ಕೆಚ್ ಮಾಡಿದಾರೆ. ಮೇಷ್ಟ್ರ 1.6 ಪಟ್ಟು ತೋರಿಸಿದೆ, ಅವರು ಅದಕ್ಕಿಂತ ಜಾಸ್ತಿಯೇ ಹಿಡಿದಿದ್ರು. ಅಸೋಸಿಯೇಷನ್ ಒಪ್ಪಿಗೆ ಬರಬೇಕು, ಮುಂದಿನ ತಿಂಗಳ ಮೀಟಿಂಗಲ್ಲಿ. ಅಲ್ಲೀವರೆಗೆ ಮಂಚ ನಾಲ್ಕು ಸಿಮೆಂಟ್ ಬ್ಲಾಕ್ ಮೇಲೆ ಕೂತಿದೆ, ಅತ್ತೆ ಅದರ ಮೇಲೆ ಕೂತು ಹೂ ಕಟ್ತಿದಾರೆ. ಚಾವಣಿಯ ಕೆಂಪು ನೀಲಿ ಗೆರೆ ಒರೆಸೋಕೆ ಬಿಡ್ತಿಲ್ಲ, ಮೀಟಿಂಗಿನವರು ಬಂದು ನೋಡ್ಲಿ ಅಂತ.

ಮರಳುಗಾಡಿನ ಕನ್ನಡಿಗ · 19:58

ಒರೆಸೋ ಮುಂಚೆ ಟೇಪ್ ಇಟ್ಟು ಫೋಟೊ ತೆಗೀರಿ ಅಕ್ಕಾ. ಮೇಲಿನ ಮನೆಯವರಿಗೂ ಒಂದು ಕಾಪಿ ಕೊಡಿ, ಅವರ ನೆಲ ಅದೇ ಸ್ಲ್ಯಾಬು.

ಕುಡ್ಲದ ಪೊಡಿಮೀನು · 20:03

ಆ ಹಿತ್ತಾಳೆ ಸರಪಳಿ ಕಪ್ಪಾಗಿದ್ದರೆ ಹುಣಸೆಹುಳಿ ಹಾಕಿ ತಿಕ್ಕಿ ಮಾರಾಯ್ರೆ, ಪಾಲಿಶ್ ಡಬ್ಬ ತರಬೇಡಿ.

ಶಿರಸಿ ಸೊಸೆ · 20:11

ನಮ್ಮತ್ತೆ ಹುಣಸೆ ಅಲ್ಲ, ನಮ್ಮ ಮಲೆನಾಡಿನ ವಾಟೆಕಾಯಿಯ ಹುಳಿ, ವಾಟೆಹುಳಿಯೇ ಆಗ್ಬೇಕು ಅಂತಾರೆ. ಥಣಿಸಂದ್ರದಲ್ಲಿ ವಾಟೆಹುಳಿ ಎಲ್ಲಿ ಸಿಗತ್ತೆ, ಯಾರಿಗಾದ್ರೂ ಗೊತ್ತಾ?